ಗಾಜಿನ ಕಪಾಟಿನ ಎನ್‌ಪಿಎ

1989ರಲ್ಲಿ ಜಪಾನಿನ ನಿಂಟೆಂಡೊ ತಂದ ಗೇಮ್ ಬಾಯ್ ನೆನಪಿದೆಯಾ? ಆ ಡಬ್ಬಿಗಿರೋದು ನಾಲ್ಕೇ ದನಿ: ಎರಡು ಚೌಕ ಅಲೆ, ನಾವೇ ಆಕಾರ ಕೊಡಬಹುದಾದ ಇನ್ನೊಂದು ಅಲೆ, ತಾಳಕ್ಕೊಂದು ಗರಗರ ಸದ್ದು. 2000ದಲ್ಲಿ ಸ್ವೀಡನ್ನಿನ ಯೋಹಾನ್ ಕೊಟ್ಲಿನ್ಸ್ಕಿ ಎಲ್‌ಎಸ್‌ಡಿಜೆ ಅನ್ನೋ ತಂತ್ರಾಂಶ ಬರೆದರು. ಅದಿರುವ ಕಾರ್ಟ್ರಿಜ್ ತೂರಿಸಿದರೆ ಆಟಿಕೆಯೇ ವಾದ್ಯ! ಒಂದೇ ದನಿಯಲ್ಲಿ ಮೂರು ಸ್ವರ ಸರಸರ ಉರುಳಿಸಿ ಮೇಳದ ಭ್ರಮೆ ಹುಟ್ಟಿಸುತ್ತಾರೆ.

ಕೆಲವರು ಡಬ್ಬಿ ಬಿಚ್ಚಿ, ವಾಲ್ಯೂಮ್ ಗುಂಡಿಯ ಬುಡದಲ್ಲೇ ತಂತಿ ಬೆಸೆದು, ಒಳಗಿನ ಆಂಪ್ಲಿಫೈಯರ್ ಸೇರಿಸುವ ಗೊರಗೊರವಿಲ್ಲದೆ ನಾದ ಹೊರತೆಗೆಯುತ್ತಾರೆ. ಹಳೇ ಮಾಲು ಕೆಡಿಸಿದರು ಅಂತ ಸಂಗ್ರಹಕಾರರ ಗೊಣಗಾಟ. ಸ್ವಾಮಿ, ಕಲರ್ ಮಾದರಿಯೂ ಸೇರಿ 11 ಕೋಟಿಗೂ ಮಿಕ್ಕಿ ಮಾರಾಟವಾದ ಡಬ್ಬಿ ಅದು, ಅಪರೂಪದ್ದೇನಲ್ಲ. ದುಡಿಯದ ಆಸ್ತಿಯನ್ನು ನಾವು ಬ್ಯಾಂಕಿನವರು ಎನ್‌ಪಿಎ ಅಂತೀವಿ. ಕಪಾಟಿನಲ್ಲಿ ಮೂಕವಾಗಿ ಕೂತದ್ದು ಅದೇ. ಬೆಸುಗೆಯ ಗಾಯವಿದ್ದರೂ ಹಾಡುವುದೇ ನಿಜವಾದ ಆಸ್ತಿ. ನೀವೇನಂತೀರಿ?