ಕೋಲು ಹಿಡಿದವನಿಗೆ ಹಾರ, ಪಿಟೀಲು ಹಿಡಿದವನಿಗೆ ಬೆವರು

ಬೇಸಿಗೆ ಬಂತೆಂದರೆ ಲಂಡನ್ನಿನಲ್ಲಿ ಸಂಗೀತದ ಸುಗ್ಗಿ. ಜುಲೈ ನಡುವಿನಿಂದ ಎಂಟು ವಾರ, ರಾಯಲ್ ಆಲ್ಬರ್ಟ್ ಹಾಲ್ ಎಂಬ ಗುಂಡು ಕಟ್ಟಡದಲ್ಲಿ ಸಂಗೀತ ಕಚೇರಿಗಳ ಸಾಲು. 'ಪ್ರಾಮ್ಸ್' ಎಂದು ಅದರ ಹೆಸರು. ಆ ದಿನಗಳಲ್ಲಿ ದೊಡ್ಡ ಪತ್ರಿಕೆಗಳು ಕಂಡಕ್ಟರನ ದಿನಚರಿಯನ್ನು ಬಾಯಿ ಚಪ್ಪರಿಸಿ ಬರೆಯುತ್ತವೆ. ನಿನ್ನೆ ಬರ್ಲಿನ್, ಇಂದು ಲಂಡನ್, ನಾಳೆ ಸಾಲ್ಜ್‌ಬರ್ಗ್. ಪಾಪ, ಮಹಾನುಭಾವನಿಗೆ ಉಸಿರಾಡಲು ಪುರಸೊತ್ತಿಲ್ಲ!

ಈ ಕಂಡಕ್ಟರ್ ಬಸ್ಸಿನಲ್ಲಿ ಟಿಕೆಟ್ ಕೊಡುವವನಲ್ಲ. ಎಂಬತ್ತು ತೊಂಬತ್ತು ವಾದ್ಯಗಾರರ ಮುಂದೆ ನಿಂತು, ಪುಟ್ಟದೊಂದು ಕೋಲಿನಿಂದ ತಾಳ ತೋರಿಸುತ್ತ, ಅಷ್ಟು ಜನರನ್ನೂ ಒಂದೇ ದಾರಿಯಲ್ಲಿ ನಡೆಸುವ ವೃಂದನಾಯಕ. ಅವನ ವಿದ್ಯೆ ದೊಡ್ಡದು, ನಾವು ಅಲ್ಲಗಳೆಯುವುದಿಲ್ಲ. ಆದರೆ ಇಡೀ ಕಚೇರಿಯಲ್ಲಿ ಒಂದು ಸ್ವರವನ್ನೂ ಹೊರಡಿಸದವನು ಅವನೊಬ್ಬನೇ ಎಂಬುದೂ ನಿಜ. ಸ್ವರ ಹೊರಡಿಸುವವರು ಎದುರಿಗೆ ಕುಳಿತ ಪಿಟೀಲಿನವರು, ಕೊಳಲಿನವರು, ಕಹಳೆಯವರು. ಅವರ ಬೇಸಿಗೆ ಹೇಗೆ ಕಳೆಯುತ್ತದೆ? ಅವರ ಕೈಗೆ ಎಷ್ಟು ಬರುತ್ತದೆ? ಅದನ್ನು ಯಾರೂ ಬರೆಯುವುದಿಲ್ಲ. ಆದಕಾರಣ ನಾವು ಬರೆಯುತ್ತೇವೆ.

ಒಂದು ಷಿಲಿಂಗಿನ ಸಂಗೀತ

ಪ್ರಾಮ್ಸ್ ಆರಂಭವಾದದ್ದು 1895ರ ಆಗಸ್ಟ್ 10ರಂದು, ಲಂಡನ್ನಿನ ಕ್ವೀನ್ಸ್ ಹಾಲಿನಲ್ಲಿ. ಏರ್ಪಡಿಸಿದವರು ಆ ಹಾಲಿನ ಮ್ಯಾನೇಜರ್ ರಾಬರ್ಟ್ ನ್ಯೂಮನ್. ಕೋಲು ಹಿಡಿದವರು 26 ವರ್ಷದ ಹೆನ್ರಿ ವುಡ್. ನಿಂತು ಕೇಳುವವರಿಗೆ ಟಿಕೆಟ್ ಒಂದೇ ಷಿಲಿಂಗ್. ಇಡೀ ಋತುವಿಗೆ 21 ಷಿಲಿಂಗ್. ಒಳಗೆ ತಿನ್ನಬಹುದು, ಕುಡಿಯಬಹುದು, ಹೊಗೆ ಸೇದಬಹುದು. ರೇಷ್ಮೆ ಟೋಪಿಯವರ ಸೊತ್ತಾಗಿದ್ದ ಸಂಗೀತವನ್ನು ಗುಮಾಸ್ತರೂ ಅಂಗಡಿಯ ಆಳುಗಳೂ ಕೇಳುವಂತಾಯಿತು. ಬಡವನಿಗೆ ಒಳ್ಳೆಯ ಸಂಗೀತ ತಲೆಗೆ ಹತ್ತುವುದಿಲ್ಲ ಎಂದು ಮೂಗು ಮುರಿಯುವವರಿಗೆ ಆ ಜನಸಂದಣಿಯೇ ಉತ್ತರ ಕೊಟ್ಟಿತು. ಇದು ದೊಡ್ಡ ಕೆಲಸ. ನಾವು ಮೆಚ್ಚುತ್ತೇವೆ.

ಮೊದಲ ವರ್ಷವೇ ವಾರಕ್ಕೆ ಆರು ರಾತ್ರಿಯಂತೆ 49 ಕಚೇರಿ. 1944ರ ಆಗಸ್ಟ್‌ನಲ್ಲಿ ತೀರಿಕೊಳ್ಳುವವರೆಗೂ ವುಡ್ಡರ ಬೇಸಿಗೆಗಳು ಹೀಗೆಯೇ ಕಳೆದವು. ಅಂಥ ದುಡಿಮೆಗಾರನನ್ನು ನಾವು ಹಳಿಯುವುದಿಲ್ಲ. 1913ರಲ್ಲಿ ಆರು ಮಂದಿ ಹೆಂಗಸರನ್ನು ತಮ್ಮ ವೃಂದಕ್ಕೆ ಸೇರಿಸಿಕೊಂಡು, ಗಂಡಸರಷ್ಟೇ ಕೂಲಿ ಕೊಡಿಸಿದವರೂ ಅವರೇ. ಆದರೆ ಲೆಕ್ಕ ಬಲ್ಲ ವ್ಯಾಪಾರಿಯನ್ನು ನಾವು ಕೇಳುತ್ತೇವೆ: ಸರಕು ಅಗ್ಗವಾಗಿ ಮಾರಿದರೆ ಆ ಅಗ್ಗದ ಭಾರ ಯಾರ ತಲೆಯ ಮೇಲೆ ಬೀಳುತ್ತದೆ? ವಾರಕ್ಕೆ ಕಚೇರಿ ಆರು, ತಾಲೀಮು ಮೂರೇ. ಸರಿಯಾಗಿ ಅಭ್ಯಾಸ ಮಾಡದ ಕೃತಿಯನ್ನು ಕಾಗದ ನೋಡಿಕೊಂಡು ಅಲ್ಲಿಂದಲ್ಲಿಗೆ ನುಡಿಸಬೇಕು. ಷಿಲಿಂಗಿನ ಟಿಕೆಟ್ಟಿನ ಹಿಂದೆ ವಾದ್ಯಗಾರನ ನೋಯುವ ತೋಳು ಇತ್ತು.

ಬದಲಿಯವರ ಕಥೆ

ಗಿರಣಿಯ ಗೆಳೆಯರಿಗೆ 'ಬದಲಿ' ಎಂಬ ಮಾತನ್ನು ನಾವು ಬಿಡಿಸಿ ಹೇಳಬೇಕಿಲ್ಲ. ಅಲ್ಲಿಯೂ ಬದಲಿ ಪದ್ಧತಿ ಇತ್ತು, ಆದರೆ ತಿರುವುಮುರುವಾಗಿ. ನಮ್ಮಲ್ಲಿ ಬದಲಿಯವನನ್ನು ಗೇಟಿನಲ್ಲಿ ಕಾಯಿಸುವವನು ಮಾಲೀಕ. ಅಲ್ಲಿ ವಾದ್ಯಗಾರನೇ ತನ್ನ ಬದಲಿಯನ್ನು ಕಳುಹಿಸುತ್ತಿದ್ದ. ಲಂಡನ್ನಿನಲ್ಲಿ ಆಗ ಸಂಬಳದ ವೃಂದ ಒಂದೂ ಇರಲಿಲ್ಲ. ಕಚೇರಿಗಿಷ್ಟು ಎಂದು ಕೂಲಿ. ಇಂದು ಇಲ್ಲಿ ಒಪ್ಪಿಕೊಂಡವನಿಗೆ ಬೇರೆಡೆ ನಾಲ್ಕು ಕಾಸು ಹೆಚ್ಚು ಸಿಕ್ಕರೆ, ಇಲ್ಲಿಗೆ ಬದಲಿಯನ್ನು ಕಳಿಸಿ ಅಲ್ಲಿಗೆ ಓಡುವನು. ತಾಲೀಮಿಗೆ ಬಂದ ಮುಖ ಕಚೇರಿಯಲ್ಲಿಲ್ಲ. ಕಚೇರಿಯ ಮುಖ ತಾಲೀಮಿಗೆ ಬಂದಿರಲಿಲ್ಲ. ಇದರಿಂದ ಸಂಗೀತ ಕೆಡುತ್ತಿತ್ತು ಎಂಬ ದೂರಿನಲ್ಲಿ ಹುರುಳಿತ್ತು.

1904ರಲ್ಲಿ ಒಂದು ದಿನ ತಾಲೀಮಿನಲ್ಲಿ ಗುರುತಿಲ್ಲದ ಮುಖಗಳೇ ತುಂಬಿದ್ದವು. ನ್ಯೂಮನ್ ವೇದಿಕೆಗೆ ಬಂದರು. ಇನ್ನು ಮುಂದೆ ಬದಲಿಯವರಿಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿದರು. ನಮಸ್ಕಾರ ಹೇಳಿ ಹೊರಟುಹೋದರು. ಹುಕುಂ ಬಂತು. ಆದರೆ ಬದಲಿಯನ್ನು ಕಳಿಸುವಂತೆ ಮಾಡುತ್ತಿದ್ದ ಬಡತನಕ್ಕೆ ಪರಿಹಾರ ಬಂತೇ? ಇಲ್ಲ. ಹೊರಗಿನ ಸಂಪಾದನೆಯ ಬಾಗಿಲು ಮುಚ್ಚಿತು, ಒಳಗಿನ ಬಾಗಿಲು ಅಗಲವಾಗಲಿಲ್ಲ.

ವಾದ್ಯಗಾರರು ಏನು ಮಾಡಿದರು? ವುಡ್ಡರ ಕಚೇರಿಗಾಗಿಯೇ ಉತ್ತರಕ್ಕೆ ಹೊರಟ ರೈಲಿನಲ್ಲಿ ಕೂತು ಮಾತಾಡಿಕೊಂಡರು. ನಲವತ್ತರಷ್ಟು ಜನ ಹೊರಬಂದು 'ಲಂಡನ್ ಸಿಂಫನಿ ಆರ್ಕೆಸ್ಟ್ರಾ' ಎಂಬ ತಮ್ಮದೇ ವೃಂದ ಕಟ್ಟಿದರು. ಅದು ಸಹಕಾರ ಪದ್ಧತಿಯದು: ನುಡಿಸುವವರೇ ಪಾಲುದಾರರು, ಋತು ಮುಗಿದ ಮೇಲೆ ಲಾಭ ಅವರವರಿಗೇ. ಅದೇ ವರ್ಷ ಜೂನ್ 9ರಂದು ಅವರ ಮೊದಲ ಕಚೇರಿ. ಕಂಡಕ್ಟರ್ ಹಾನ್ಸ್ ರಿಕ್ಟರ್. ಅವರನ್ನು ಕರೆಸಿದವರು ವಾದ್ಯಗಾರರು! ಕೋಲು ಹಿಡಿಯುವವನು ಕೂಲಿಯವರನ್ನು ಆರಿಸುವ ಬದಲು, ಕೂಲಿಯವರೇ ಕೋಲಿನವನನ್ನು ಆರಿಸಿದರು. ಆಕಾಶವೇನೂ ಕಳಚಿ ಬೀಳಲಿಲ್ಲ. ಆ ವೃಂದ ಇಂದಿಗೂ ನುಡಿಸುತ್ತಿದೆ, ಲೋಕದ ಶ್ರೇಷ್ಠ ವೃಂದಗಳ ಸಾಲಿನಲ್ಲಿದೆ. ಕೆಲಸಗಾರರಿಗೆ ಆಡಳಿತ ಬಾರದು ಎನ್ನುವ ಮಹಾಶಯರು ಇದಕ್ಕೆ ಏನು ಹೇಳುತ್ತಾರೆ?

ಧಣಿಗಳ ಔದಾರ್ಯ

ಕಲೆ ಬದುಕಬೇಕಾದರೆ ಉದಾರ ಧಣಿಗಳು ಬೇಕು ಎಂಬುದು ಇನ್ನೊಂದು ವಾದ. ನ್ಯೂಮನ್ 1902ರಲ್ಲಿ ದಿವಾಳಿಯಾದಾಗ ಬ್ಯಾಂಕಿನ ಶ್ರೀಮಂತ ಎಡ್ಗರ್ ಸ್ಪೈಯರ್ ಕೈಹಿಡಿದರು. ಮಹಾಯುದ್ಧ ಬಂತು; ಜರ್ಮನ್ ಮೂಲದವರೆಂದು ಜನ ಅವರನ್ನು ಕಾಡಿದರು; 1915ರಲ್ಲಿ ಅವರು ದೇಶ ಬಿಟ್ಟರು. ಆಮೇಲೆ ಸಂಗೀತ ಪ್ರಕಟಣೆಯ ಚ್ಯಾಪೆಲ್ ಕಂಪೆನಿ ನಡೆಸಿತು. ನಷ್ಟವೆಂದು ಅದೂ ಕೈಬಿಟ್ಟಿತು.

ಧಣಿಗಳ ಈ ಕಥೆಯಲ್ಲಿ ನಮ್ಮ ನಾಡಿನದೂ ಒಂದು ಪುಟವಿದೆ. ಮೈಸೂರಿನ ಜಯಚಾಮರಾಜೇಂದ್ರ ಒಡೆಯರು 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಆ ವೃಂದ ರಿಚರ್ಡ್ ಸ್ಟ್ರಾಸನ ಕೊನೆಯ ಹಾಡುಗಳನ್ನು ಮೊದಲ ಬಾರಿ ಕೇಳಿಸಿದಾಗ, ಹಣಕ್ಕೆ ಜಾಮೀನು ನಿಂತವರು ಅವರೇ. ಅವರು ಸ್ವತಃ ವಾಗ್ಗೇಯಕಾರರು. ಅವರ ರುಚಿಯನ್ನು ನಾವು ಆಡಿಕೊಳ್ಳುವುದಿಲ್ಲ. ಅರಮನೆಯ ಹಣದ ಬೇರು ಯಾವ ಹೊಲದಲ್ಲಿತ್ತೆಂದು ಮಾತ್ರ ನೆನಪಿಸುತ್ತೇವೆ. ಅಷ್ಟಾಗಿ, ಆ ವೃಂದಕ್ಕೆ ಭದ್ರತೆ ಸಿಕ್ಕಿತೇ? ಅದನ್ನು ಸ್ಥಾಪಿಸಿದ್ದ ವಾಲ್ಟರ್ ಲೆಗ್ 1964ರ ಮಾರ್ಚ್‌ನಲ್ಲಿ ಅಂಗಡಿಯ ಬಾಗಿಲೆಳೆದಂತೆ ವೃಂದವನ್ನು ನಿಲ್ಲಿಸುವುದಾಗಿ ಸಾರಿದರು. ಮತ್ತೆ ವಾದ್ಯಗಾರರೇ ಕೂಡಿ, ತಮ್ಮ ಆಡಳಿತದಲ್ಲಿ 'ನ್ಯೂ ಫಿಲ್‌ಹಾರ್ಮೋನಿಯಾ' ಎಂದು ಅದನ್ನು ಉಳಿಸಿಕೊಂಡರು. ಮುದುಕ ಕಂಡಕ್ಟರ್ ಒಟ್ಟೊ ಕ್ಲೆಂಪರರ್ ಅವರ ಜೊತೆ ನಿಂತರು. ಕೋಲು ಹಿಡಿದವರೆಲ್ಲ ಧಣಿಯ ಕಡೆಯವರಲ್ಲ ಎಂಬುದಕ್ಕೆ ಇದು ಸಾಕ್ಷಿ.

ಹುಕುಂ ಮಾಡದ್ದನ್ನು ಸಂಬಳ ಮಾಡಿತು

1927ರಲ್ಲಿ ಪ್ರಾಮ್ಸ್ ಅನ್ನು ಬಿ.ಬಿ.ಸಿ. ವಹಿಸಿಕೊಂಡಿತು. ರೇಡಿಯೋ ಇಟ್ಟುಕೊಂಡವರೆಲ್ಲ ಕಟ್ಟುವ ಲೈಸೆನ್ಸ್ ಶುಲ್ಕ ಅದರ ಬಂಡವಾಳ. ಎಂದರೆ ಜನರ ಹಣ. 1930ರಲ್ಲಿ ಅದು ಖಾಯಂ ಸಂಬಳದ ವೃಂದ ಕಟ್ಟಿತು. ಹಳೆಯ ಬದಲಿ ಕಾಯಿಲೆಗೆ ಅಲ್ಲಿ ಕಾರಣವೇ ಉಳಿಯಲಿಲ್ಲ. ತಿಂಗಳ ಸಂಬಳ ಖಚಿತವಾದರೆ ನಾಲ್ಕು ಕಾಸಿಗಾಗಿ ಯಾರು ಓಡುತ್ತಾರೆ? ಹೊಟ್ಟೆ ತುಂಬಿಸದೆ ಶಿಸ್ತು ಬೋಧಿಸುವ ಮಾಲೀಕರೆಲ್ಲ ಈ ಪಾಠವನ್ನು ಕಂಠಪಾಠ ಮಾಡಬೇಕು. ಸಹಕಾರಿ ವೃಂದದವರಿಗಾದರೋ ಇಂದಿಗೂ ಬಹುಮಟ್ಟಿಗೆ ನುಡಿಸಿದ ದಿನಕ್ಕಷ್ಟೇ ಹಣ. 2020ರ ಸಾಂಕ್ರಾಮಿಕದಲ್ಲಿ ಸಭಾಂಗಣಗಳು ಮುಚ್ಚಿದಾಗ ಅವರ ಗಳಿಕೆಯೂ ಮುಚ್ಚಿತು. ಆಡಳಿತ ಕೈಯಲ್ಲಿದ್ದರೆ ಸಾಲದು, ಬೆನ್ನಿಗೆ ಸಾರ್ವಜನಿಕ ಹಣವೂ ಬೇಕು.

ಸಾರ್ವಜನಿಕ ಸಂಸ್ಥೆ ಎಂದ ಮಾತ್ರಕ್ಕೆ ನಿದ್ದೆ ಹೋಗುವಂತೆಯೂ ಇಲ್ಲ. 1980ರಲ್ಲಿ ಇದೇ ಬಿ.ಬಿ.ಸಿ. ಉಳಿತಾಯದ ಹೆಸರಿನಲ್ಲಿ ಐದು ವೃಂದಗಳನ್ನು ಮುಚ್ಚಹೊರಟಿತು. ಜೂನ್ ಮೊದಲಿಗೆ ವಾದ್ಯಗಾರರ ಸಂಘ ಮುಷ್ಕರ ಹೂಡಿತು. ಜುಲೈಯಲ್ಲಿ ಆರಂಭವಾಗಬೇಕಿದ್ದ ಪ್ರಾಮ್ಸ್ ಆಗಸ್ಟಿಗೆ ಹೋಯಿತು. ಪಿಟೀಲು ಕೆಳಗಿಟ್ಟಾಗ ಕೋಲಿನಿಂದ ಏನು ಹೊರಡುತ್ತದೆಂದು ಆ ಬೇಸಿಗೆ ಲಂಡನ್ನಿಗೆ ಗೊತ್ತಾಯಿತು. ಎಲ್ಲವೂ ಉಳಿಯಲಿಲ್ಲ, ಆದರೆ ಸ್ಕಾಟ್ಲೆಂಡಿನ ಸಿಂಫನಿ ವೃಂದ ಉಳಿಯಿತು. 2023ರ ಮಾರ್ಚ್‌ನಲ್ಲಿ ಮತ್ತೆ ಅದೇ ರಾಗ: ಇಂಗ್ಲೆಂಡಿನ ಮೂರು ವೃಂದಗಳಲ್ಲಿ ನೂರಕ್ಕೆ 20ರಷ್ಟು ಹುದ್ದೆ ಕಡಿತ, 1924ರಿಂದ ಹಾಡುತ್ತಿದ್ದ ಬಿ.ಬಿ.ಸಿ. ಗಾಯಕವೃಂದಕ್ಕೆ ಬೀಗ. ಪ್ರತಿಭಟನೆ ಎದ್ದಿತು, ಆ ತಿಂಗಳೊಳಗೇ ಬೀಗದ ಮಾತನ್ನು ತಡೆಹಿಡಿದರು.

ಕಲೆಗೂ ಕೂಲಿಯೇ?

ಕಲೆ ಪವಿತ್ರ, ಅದಕ್ಕೆ ಸಂಘವೇಕೆ, ಮುಷ್ಕರವೇಕೆ ಎಂದು ಕೇಳುವವರಿದ್ದಾರೆ. ಅವರಿಗೆ ಒಂದೇ ಉತ್ತರ. ಇಂಗ್ಲೆಂಡಿನ ವಾದ್ಯಗಾರರ ಸಂಘ ಹುಟ್ಟಿದ್ದು 1893ರಲ್ಲಿ, ಮ್ಯಾಂಚೆಸ್ಟರಿನಲ್ಲಿ. ಹತ್ತಿ ಗಿರಣಿಗಳ ಊರಿನಲ್ಲಿ. ಮಗ್ಗದ ಮುಂದೆ ನಿಂತವನಿಗೂ ಪಿಟೀಲು ಹಿಡಿದು ಕೂತವನಿಗೂ ಬೆರಳು ಸವೆಯುತ್ತದೆ, ಬಾಡಿಗೆ ಕಟ್ಟಬೇಕಾಗುತ್ತದೆ, ಮಕ್ಕಳಿಗೆ ಹಸಿವಾಗುತ್ತದೆ. ನುಡಿಸುವವನ ಹಸಿವಿನಿಂದ ಯಾವ ಕಲೆಯ ಪಾವಿತ್ರ್ಯವೂ ಹೆಚ್ಚುವುದಿಲ್ಲ.

ನಮ್ಮ ನಿಲುವು ಇಷ್ಟೇ. ಟಿಕೆಟ್ ಅಗ್ಗವಾಗಿಯೇ ಇರಲಿ. ಅದು ಜನರ ಹಕ್ಕು. ಆ ಅಗ್ಗದ ಭಾರ ವಾದ್ಯಗಾರನ ಕೂಲಿಯ ಮೇಲೆ ಬೀಳದಿರಲಿ. ಅದನ್ನು ಹೊರಲು ಜನರ ಬೊಕ್ಕಸವಿದೆ. ಬೊಕ್ಕಸದ ಬೀಗದ ಕೈ ಹಿಡಿದವರು ಮರೆತಾಗ ನೆನಪಿಸಲು ಸಂಘವಿರಲಿ. ಕಂಡಕ್ಟರನಿಗೆ ಹಾರ ಹಾಕಬೇಡಿರೆಂದು ನಾವು ಹೇಳುವುದಿಲ್ಲ. ಹಾರ ಹಾಕುವ ಮುನ್ನ, ಹಿಂದಿನ ಸಾಲಿನಲ್ಲಿ ಕುಳಿತವನಿಗೆ ಈ ತಿಂಗಳ ಸಂಬಳ ಮುಟ್ಟಿದೆಯೇ ಎಂದು ಕೇಳಿರಿ.