ಇರುವೆ ಬರಲಿ ಅಂತ ಕಾಯುತ್ತಾ...

ನಮ್ಮೂರ ಕಡೆ ಸಕ್ಕರೆ ಕಾಯಿಲೆಗೆ ಒಂದು ಹಳೇ ಪರೀಕ್ಷೆ ಇದೆ. ಮೂತ್ರ ಮಾಡಿದ ಜಾಗಕ್ಕೆ ಇರುವೆ ಮುತ್ತಿದರೆ 'ಸಕ್ಕರೆ ಬಂದಿದೆ' ಅಂತ ಲೆಕ್ಕ. ನಮ್ಮಪ್ಪ ಈ ಪರೀಕ್ಷೆಯಲ್ಲಿ ಪಾಸಾಗಿದ್ದರು. ಟೈಲ್ಸು ಹಾಕಿ ದಿನಾ ಫಿನಾಯಿಲ್ ಹಾಕಿ ತೊಳೆಯೋ ಬಚ್ಚಲಿಗೆ ಇರುವೆ ಎಲ್ಲಿಂದ ಬರಬೇಕು ಹೇಳಿ :)

ರಾತ್ರಿ ಮೂರ್ಮೂರು ಸಲ ಏಳುತ್ತಿದ್ದರು. ಕೇಳಿದರೆ "ವಯಸ್ಸಾಯ್ತಲ್ಲೋ, ಇನ್ನೇನು" ಅಂದರು. ಸದಾ ಬಾಯಾರಿಕೆ. "ನಿಮ್ಮಪ್ಪಂಗೆ ಉಷ್ಣ ಆಗಿದೆ ಕಣೋ" ಅಂತ ಅಮ್ಮ ದಿನಾ ಬೆಲ್ಲದ ಪಾನಕ ಮಾಡಿಕೊಟ್ಟರು! ಐದಾರು ಕೆಜಿ ಇಳಿದರು. ಮದುವೆ ಮನೆಯಲ್ಲಿ ಸಿಕ್ಕವರೆಲ್ಲ "ಏನ್ ಮೇಷ್ಟ್ರೇ, ಹುಡುಗನ ಥರ ಆಗಿದೀರಿ" ಅಂದಾಗ ಅಪ್ಪ ಹಿಗ್ಗಿದ್ದೇ ಹಿಗ್ಗಿದ್ದು. ಕೊನೆಗೆ ಪೇಪರಿನ ಅಕ್ಷರ ಮಂಜಾಗುತ್ತೆ ಅಂತ ಕನ್ನಡಕ ಬದಲಾಯಿಸಲು ಹೋದರೆ, ಕಣ್ಣಿನ ಡಾಕ್ಟರು ರೆಟಿನಾ ನೋಡಿ ಕೇಳಿದರಂತೆ: "ಶುಗರ್ ಎಷ್ಟು ವರ್ಷದಿಂದ ಇದೆ?"

ಅವತ್ತಿನವರೆಗೆ ನಮ್ಮ ಮನೆಯಲ್ಲಿ ಯಾರೂ ಒಂದು ಸಲ ರಕ್ತ ಪರೀಕ್ಷೆ ಮಾಡಿಸಿರಲಿಲ್ಲ.

'ಮಧುಮೇಹದ ಆರಂಭದ ಲಕ್ಷಣಗಳು' ಅಂತ ಪಟ್ಟಿಗಳು ಬೇಕಾದಷ್ಟು ಓಡಾಡುತ್ತವೆ. ನನ್ನ ತಕರಾರು ಇರುವುದು ಆ 'ಆರಂಭ' ಅನ್ನೋ ಪದದ ಮೇಲೆ. ಖಾಲಿ ಹೊಟ್ಟೆಯಲ್ಲಿ ಸಕ್ಕರೆ ಅಂಶ 100ರಿಂದ 125 ಇದ್ದರೆ ಕಾಯಿಲೆಯ ಹೊಸ್ತಿಲು, 126 ಮುಟ್ಟಿದರೆ ಕಾಯಿಲೆ. ಆದರೆ ರಕ್ತದ ಸಕ್ಕರೆ ಸುಮಾರು 180 ದಾಟುವ ತನಕ ಮೂತ್ರಪಿಂಡಗಳು ಅದನ್ನು ಸೋರಲು ಬಿಡದೆ ವಾಪಸ್ ಹೀರಿಕೊಳ್ಳುತ್ತವೆ. ಅದನ್ನೂ ಮೀರಿದಾಗ ಸಕ್ಕರೆ ತನ್ನ ಜೊತೆ ನೀರನ್ನೂ ಎಳೆದುಕೊಂಡು ಹೊರಗೆ ಹೋಗುತ್ತದೆ. ಪದೇ ಪದೇ ಮೂತ್ರ, ಬಾಯಾರಿಕೆ, ಇರುವೆ ಎಲ್ಲ ಬರೋದು ಆಮೇಲೆ. ಅಂದರೆ ಇರುವೆ ಬರುವಷ್ಟರಲ್ಲಿ ಕಾಯಿಲೆ ಮನೆಯೊಳಗೆ ಸೇರಿ ಎಷ್ಟೋ ಕಾಲ ಆಗಿರಬಹುದು!

ನಿಜವಾಗಿಯೂ ಬೇಗ ಕಾಣಿಸಬಹುದಾದ ಒಂದು ಗುರುತಿದೆ. ಕತ್ತಿನ ಹಿಂದೆ, ಕಂಕುಳಲ್ಲಿ ಚರ್ಮ ಕಪ್ಪಾಗಿ, ದಪ್ಪಗಾಗಿ, ಮುಟ್ಟಿದರೆ ವೆಲ್ವೆಟ್ಟಿನ ಹಾಗಿರುವುದು. ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನೋದರ ಸೂಚನೆ ಅದಾಗಿರಬಹುದು. ನಾವೋ, ಕೊಳೆ ಅಂತ ಕಡಲೆಹಿಟ್ಟು ಹಚ್ಚಿ ಉಜ್ಜುತ್ತೇವೆ.

'ನಾನು ಸಣ್ಣಗಿದೀನಿ, ನನಗ್ಯಾಕೆ ಬರುತ್ತೆ' ಅನ್ನುವವರಿಗೆ ಒಂದು ವಿಷಯ. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ಫೋಟೋ ಹಾಕಿ ಒಂದು ಪುಟದ ಲೇಖನ ಪ್ರಕಟಿಸಿದರು. ಇಬ್ಬರದೂ ಬಿಎಂಐ ಒಂದೇ, 22.3. ಆದರೆ ಮೈಯಲ್ಲಿನ ಕೊಬ್ಬು ಯುಡ್ಕಿನ್‌ಗೆ 9.1%, ಯಾಜ್ಞಿಕ್‌ಗೆ 21.2%! ನಮ್ಮವರು ತೂಕದ ಯಂತ್ರಕ್ಕಿಂತ ಅಳತೆ ಟೇಪನ್ನು ನಂಬುವುದು ವಾಸಿ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಎಚ್ಚರ.

ಅಪ್ಪನ ವಿಷಯ ಗೊತ್ತಾದ ಮೇಲೆ ನಾನೂ ಹೋಗಿ ರಕ್ತ ಕೊಟ್ಟೆ. ವಯಸ್ಸು 28. ಬಾಯಾರಿಕೆ ಇಲ್ಲ, ಸುಸ್ತಿಲ್ಲ, ಏನೂ ಇಲ್ಲ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 5.9 ಬಂತು. 5.7ರಿಂದ 6.4 ಅಂದರೆ ಹೊಸ್ತಿಲು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನ ಪ್ರಕಾರ ದೇಶದಲ್ಲಿ 10.1 ಕೋಟಿ ಜನಕ್ಕೆ ಮಧುಮೇಹ, ಇನ್ನೂ 13.6 ಕೋಟಿ ಜನ ನನ್ನ ಹಾಗೆ ಹೊಸ್ತಿಲಲ್ಲಿ.

ಸಮಾಧಾನ ಏನಪ್ಪಾ ಅಂದ್ರೆ, ಹೊಸ್ತಿಲಿಂದ ವಾಪಸ್ ಬರಬಹುದು. 2002ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ವಾರಕ್ಕೆ 150 ನಿಮಿಷ ನಡಿಗೆಯಂಥ ವ್ಯಾಯಾಮ ಮಾಡಿ ಸ್ವಲ್ಪ ತೂಕ ಇಳಿಸುವ ಕ್ರಮ ಹಿಡಿದವರಲ್ಲಿ ಮಧುಮೇಹ ಬರುವ ಸಾಧ್ಯತೆ 58% ಕಡಿಮೆಯಾಗಿತ್ತು. ಈಗ ಊಟದ ನಂತರ ನಮ್ಮ ಟೀಮಿನ ಕಾಫಿ ಗುಂಪು ಬಿಟ್ಟು ಒಬ್ಬನೇ ಸುತ್ತು ಹಾಕುತ್ತಿದ್ದೇನೆ. ನಗುವವರು ನಗಲಿ.

ಒಂದು ಎಚ್ಚರಿಕೆ ಮಾತ್ರ ಬೇರೆಯೇ ಇದೆ. ಚಿಕ್ಕ ಮಕ್ಕಳಲ್ಲಿ ಬರುವ ಟೈಪ್ 1ಕ್ಕೆ ವರ್ಷಗಟ್ಟಲೆ ಪುರುಸೊತ್ತಿರೋದಿಲ್ಲ. ಮಗು ಇದ್ದಕ್ಕಿದ್ದಂತೆ ವಿಪರೀತ ನೀರು ಕುಡಿಯುತ್ತಾ, ಮತ್ತೆ ಹಾಸಿಗೆ ಒದ್ದೆ ಮಾಡುತ್ತಾ, ಸಣ್ಣಗಾಗುತ್ತಿದ್ದರೆ ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಉಳಿದವರು? ಅಪ್ಪನಿಗೋ ಅಮ್ಮನಿಗೋ ಇದ್ದರೆ, ಹೊಟ್ಟೆ ಬಂದಿದ್ದರೆ, ದಿನವಿಡೀ ಕುರ್ಚಿಯಲ್ಲಿದ್ದರೆ, ಲಕ್ಷಣ ಹುಡುಕುತ್ತಾ ಕೂರಬೇಡಿ. ಒಂದು ಪಿಜ್ಜಾಗಿಂತ ಕಡಿಮೆ ದುಡ್ಡಿಗೆ ಖಾಲಿ ಹೊಟ್ಟೆಯ ಶುಗರ್ ಪರೀಕ್ಷೆ ಆಗುತ್ತೆ. ಈ ಸಲ ಊರಿಗೆ ಹೋದಾಗ ಸ್ವೀಟ್ ಬಾಕ್ಸ್ ಬದಲು ಅಪ್ಪ ಅಮ್ಮನ್ನ ಲ್ಯಾಬಿಗೆ ಕರೆದುಕೊಂಡು ಹೋಗಿ. ಹಾಗೇ ನಿಮ್ಮ ತೋಳನ್ನೂ ಚಾಚಿ.

ನಿಮ್ಮ ಮನೆಯಲ್ಲಿ ಹೇಗೆ ಗೊತ್ತಾಯ್ತು? ಹೇಳಿ.