ಕೇರೆಯನ್ನು ನಾಗರ ಮಾಡುವ ಸುದ್ದಿ

ವೈಟ್‌ಫೀಲ್ಡ್ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಇರಲಿ, ಪೀಣ್ಯದ ಗೋದಾಮು ಇರಲಿ, ಹಾವು ಕಂಡರೆ ತಲೆಬರಹ ಒಂದೇ: ‘ವಿಷಸರ್ಪ ಪ್ರತ್ಯಕ್ಷ’. ಜತೆಗೆ ಹೆಡೆಯೆತ್ತಿದ ನಾಗರದ ಹಳೇ ಫೋಟೊ. ಸಿಕ್ಕಿದ್ದು ಇಲಿ ಹುಡುಕಿ ಬಂದ ಕೇರೆ ಹಾವಾದರೂ ಅಷ್ಟೇ. ಇಂಥ ಸುದ್ದಿ ಓದಿದವರು ಮುಂದಿನ ಕೇರೆಗೆ ದೊಣ್ಣೆ ಎತ್ತುತ್ತಾರೆ.

ವ್ಯತ್ಯಾಸ ತಿಳಿಸಲು ಎರಡು ಸಾಲು ಸಾಕು. ಕಟ್ಟು ಹಾವಿನ ಬಿಳಿ ಪಟ್ಟಿಗಳು ಸಾಮಾನ್ಯವಾಗಿ ಕತ್ತಿನ ಬಳಿ ಮಸುಕು, ಹಿಂದಕ್ಕೆ ಸ್ಪಷ್ಟ. ವಿಷವಿಲ್ಲದ ತೋಳ ಹಾವಿನಲ್ಲಿ ಇದು ಉಲ್ಟಾ. ಕೊಳಕುಮಂಡಲದ ಬೆನ್ನ ಮೇಲೆ ಸರಪಳಿಯಂಥ ಮಚ್ಚೆಸಾಲು. ಅದೇ ಎಂದು ಜನ ಕೊಲ್ಲುವ ಮಣ್ಣುಮುಕ್ಕನಿಗೆ ಅಂಕುಡೊಂಕು ಮಚ್ಚೆ, ಗಿಡ್ಡ ಬಾಲ, ವಿಷವಿಲ್ಲ.

ಹಾಗಂತ ಗುರುತು ಹಿಡಿಯಲು ಯಾರೂ ಹತ್ತಿರ ಹೋಗಬೇಕಿಲ್ಲ. ಕಚ್ಚಿದರೆ ಹಾವನ್ನು ಕೊಂದು ತರುತ್ತ ಹೊತ್ತು ಕಳೆಯಬೇಕಿಲ್ಲ. ನಾಗರ, ಕಟ್ಟು ಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕರ ವಿಷಕ್ಕೂ ಆಸ್ಪತ್ರೆಯಲ್ಲಿ ಕೊಡುವುದು ಒಂದೇ ಔಷಧ. ಇದನ್ನೂ ನಾವೇ ಬರೆಯಬೇಕು.

ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಮಾಡಿತು. ಆಸ್ಪತ್ರೆಗಳು ಲೆಕ್ಕ ಕೊಡಲೇಬೇಕು. ಹಾಗಾದರೆ ಸ್ಟ್ರಿಂಜರ್‌ಗಳಾದ ನಮಗೂ ಹಾವಿನ ಹೆಸರು ಕಡ್ಡಾಯವಾಗಲಿ. ಹೆಸರು ಖಚಿತವಾಗದಿದ್ದರೆ ‘ಹಾವು’ ಎಂದಷ್ಟೇ ಬರೆಯೋಣ.